ಮನೆಯಲ್ಲೇ ಕಾಫಿ ಬೀಜ ಹುರಿಯೋಕೆ ಬಾಣಲೆ ಸಾಕಾ, ಮಿಷನ್ ಬೇಕಾ? ಮೂರು ಸಲ ಸುಟ್ಟಾಯ್ತು

ಗಿರಿನಗರದವ:
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನನ್ನು ಮೂಡಿಗೆರೆ ಕಡೆ ಕೊಟ್ಟಿದ್ದೇವೆ, ಅವರದು ಸ್ವಂತ ತೋಟ. ಹೋದ ತಿಂಗಳು ಹೋಗಿದ್ದಾಗ ಭಾವ ಎರಡು ಕೆಜಿ ಅರೇಬಿಕಾ ಕಟ್ಟಿಕೊಟ್ಟರು. "ಅಂಗಡಿ ಪುಡಿ ಎಷ್ಟು ದಿನ ಕುಡೀತೀಯ, ನೀನೇ ಹುರಿದು ನೋಡು" ಅಂದರು. ಹುಮ್ಮಸ್ಸಿನಲ್ಲಿ ತಂದೆ. ಈಗ ಮೂರು ಸಲ ಕೆಡಿಸಿದ್ದೇನೆ.

ಮೊದಲ ಸಲ ಕಬ್ಬಿಣದ ಬಾಣಲೆ, ದೊಡ್ಡ ಉರಿ, 12 ನಿಮಿಷ. ಎರಡನೇ ಸಲ ಸಣ್ಣ ಉರಿ, 40 ನಿಮಿಷ, ಕೈ ಬಿದ್ದುಹೋಯಿತು. ಮೂರನೇ ಸಲ ನಾನ್‌ಸ್ಟಿಕ್ ತವಾ. ಮೂರೂ ಸಲ ಒಂದೇ ಕಥೆ. ಮೇಲೆ ಕಪ್ಪು, ಒಳಗೆ ಹಸಿ. ಕಾಗದ ಸುಟ್ಟ ವಾಸನೆ. ಎಲ್ಲರೂ ಹೇಳುವ ಆ ಚಟಪಟ ಶಬ್ದ ಸರಿಯಾಗಿ ಕೇಳಿಸಲೇ ಇಲ್ಲ. ಪುಡಿ ಮಾಡಿ ಫಿಲ್ಟರಿಗೆ ಹಾಕಿದರೆ ಡಿಕಾಕ್ಷನ್ ಒಣಹುಲ್ಲು ನೆನೆಸಿದ ನೀರಿನ ಹಾಗಿತ್ತು. ಮನೆಯವಳು ಒಂದು ಗುಟುಕು ಕುಡಿದು ಲೋಟ ಸಿಂಕಿಗೆ ಸುರಿದಳು. ಏನೂ ಅನ್ನಲಿಲ್ಲ. ಅದೇ ಜಾಸ್ತಿ ಬೇಜಾರು.

ಇದು ಬಾಣಲೆಯ ದೋಷವಾ, ನನ್ನದಾ? ಹುರಿಯುವ ಮಿಷನ್ ತಗೊಳ್ಳಲಾ? 20 ಸಾವಿರದವರೆಗೆ ಹಾಕಬಲ್ಲೆ. ಇನ್ನೂ ಒಂದೂಕಾಲು ಕೆಜಿ ಉಳಿದಿದೆ.

ಲೋಟಡಬರ:
ನಾನ್‌ಸ್ಟಿಕ್‌ನಲ್ಲಿ ಹುರಿದಿರಾ? ಮೊದಲು ಆ ತವಾಕ್ಕೆ ತಿಥಿ ಮಾಡಿ, ಆಮೇಲೆ ಕಾಫಿ ಮಾತು.

ಇಂಜಿನಿಯರ್_ಎಂಕ:
ತಮಾಷೆ ಅಲ್ಲ, ನಿಜ. ನಾನ್‌ಸ್ಟಿಕ್ ಲೇಪನ 260 ಡಿಗ್ರಿ ದಾಟಿದರೆ ಕೆಡುವುದಕ್ಕೆ ಶುರು. ಕಾಫಿಗೆ ತವಾ ಕಾಯಿಸುವಾಗ ಅಲ್ಲಿಗೆ ಮುಟ್ಟುವುದು ಸುಲಭ. ಆ ಹೊಗೆ ಕುಡಿಯಬೇಡಿ.

ಇನ್ನು ವಿಷಯಕ್ಕೆ ಬರೋಣ. ಹಸಿ ಬೀಜದಲ್ಲಿ ನೂರಕ್ಕೆ ಹತ್ತು ಹನ್ನೊಂದು ಪಾಲು ನೀರು ಇರುತ್ತದೆ. ಮೊದಲ ನಾಲ್ಕೈದು ನಿಮಿಷ ಆ ನೀರು ಹೋಗಬೇಕು. ಬೀಜ ಹಸಿರಿನಿಂದ ಹಳದಿಗೆ ತಿರುಗುತ್ತದೆ, ಬ್ರೆಡ್ ಸುಟ್ಟ ಹಾಗೆ ಘಮ ಬರುತ್ತದೆ. ಆಮೇಲೆ ಕಂದು. ಬೀಜದ ಶಾಖ ಸುಮಾರು 196 ಡಿಗ್ರಿಗೆ ಬಂದಾಗ ಮೊದಲ ಸಿಡಿತ, ಜೋಳ ಅರಳಿದ ಹಾಗೆ ಶಬ್ದ. ಹಾಗೇ ಬಿಟ್ಟರೆ 224ರ ಹತ್ತಿರ ಎರಡನೇ ಸಿಡಿತ. ಇದು ಸಣ್ಣ ಶಬ್ದ, ಒಗ್ಗರಣೆಯ ಸಾಸಿವೆ ಥರ. ಹಾಲು ಹಾಕುವ ಫಿಲ್ಟರ್ ಕಾಫಿಗೆ ಎರಡನೆಯದು ಶುರುವಾಗುವ ಹೊತ್ತಿಗೆ ಇಳಿಸಿದರೆ ಸರಿ.

ನಿಮ್ಮ ತಪ್ಪು ಉರಿಯಲ್ಲಿದೆ. ದೊಡ್ಡ ಉರಿಯಲ್ಲಿ ಹೊರಗೆ ಸುಡುತ್ತದೆ, ಒಳಗೆ ಹಸಿ ಉಳಿಯುತ್ತದೆ. 40 ನಿಮಿಷ ಸಣ್ಣ ಉರಿಯಲ್ಲಿಟ್ಟರೆ ಅದು ಹುರಿಯುವುದಲ್ಲ, ಒಣಗಿಸುವುದು. ಬಾಣಲೆ ಕಾಯಿಸಿಕೊಂಡು ಮಧ್ಯಮ ಉರಿ, 200 ಗ್ರಾಂ ಬೀಜ, 14-15 ನಿಮಿಷ. ಕೈ ನಿಲ್ಲಿಸಬಾರದು.

ಹಾಸನದ_ಹುಡುಗಿ:
ಎಂಕ ಸರ್ ಹೇಳಿದ್ದು ಸರಿ. ಒಂದೇ ಸೇರಿಸ್ತೀನಿ. ಇಳಿಸಿದ ಮೇಲೆ ಬಾಣಲೆಯಲ್ಲೇ ಬಿಡಬೇಡಿ. ಕಬ್ಬಿಣದ ಕಾವಿಗೆ ಬೀಜ ಹುರಿಯುತ್ತಲೇ ಇರುತ್ತದೆ. ತಕ್ಷಣ ಮೊರಕ್ಕೆ ಸುರಿದು ಫ್ಯಾನ್ ಕೆಳಗೆ ಕೇರಿ. ಮೂರ್ನಾಲ್ಕು ನಿಮಿಷದಲ್ಲಿ ಕೈಗೆ ತಣ್ಣಗೆ ತಾಗಬೇಕು. ಹೊಟ್ಟೂ ಹಾರಿಹೋಗುತ್ತದೆ. ನಾನು ಹಾಸ್ಟೆಲ್ಲಿನಲ್ಲಿ ಇದ್ದಾಗ ಮೊರ ಇಲ್ಲದೆ ಸ್ಟೀಲ್ ಜರಡಿ ಎರಡು ಇಟ್ಟುಕೊಂಡು ಅದರಿಂದ ಇದಕ್ಕೆ ಸುರೀತಿದ್ದೆ.

ಮಿಷನ್ ಏನೂ ಬೇಡ.

ಬೇಏರಿಯಾ_ಕನ್ನಡಿಗ:
ಮಿಷನ್ ಬೇಡ ಅಂತ ಅಷ್ಟು ಸಲೀಸಾಗಿ ಹೇಳಬೇಡಿ ಮೇಡಂ. ನಾನು ಆರು ವರ್ಷದಿಂದ ಹುರೀತಿದ್ದೇನೆ, ಬಾಣಲೆಯಿಂದ ಶುರು ಮಾಡಿ ಮೇಲೆ ಬಂದವನು. ಬಾಣಲೆಯಲ್ಲಿ ಬೀಜದ ಒಂದು ಮುಖ ಕಬ್ಬಿಣಕ್ಕೆ ತಾಗಿ ಚುಕ್ಕೆ ಸುಡುತ್ತದೆ. ಎಷ್ಟೇ ತಿರುವಿದರೂ ನಾಲ್ಕು ಬಣ್ಣ ಬರುತ್ತದೆ.

ಕಡಿಮೆ ಖರ್ಚಿನದು ಅಂದರೆ ಪಾಪ್‌ಕಾರ್ನ್ ಮಿಷನ್, ಬಿಸಿಗಾಳಿ ಊದುವ ಥರದ್ದು. ಆದರೆ ಒಳಗೆ ನೋಡಿ ತಗೊಳ್ಳಿ. ಗಾಳಿ ಬರುವ ಸೀಳುಗಳು ಪಕ್ಕದ ಗೋಡೆಯಲ್ಲಿ ಇರಬೇಕು, ಬೀಜ ಸುತ್ತುತ್ತದೆ. ತಳದಲ್ಲಿ ಜಾಲರಿ ಇರುವುದನ್ನು ಕಾಫಿಗೆ ಮುಟ್ಟಲೇಬೇಡಿ, ಹೊಟ್ಟು ಕೆಳಗೆ ಬಿದ್ದು ಬೆಂಕಿ ಹತ್ತುತ್ತದೆ. ಒಂದು ಸಲಕ್ಕೆ 80-100 ಗ್ರಾಂ, ಏಳೆಂಟು ನಿಮಿಷ.

ಅದಕ್ಕಿಂತ ಮೇಲೆ ಫ್ರೆಶ್‌ರೋಸ್ಟ್. ಅದೂ ಬಿಸಿಗಾಳಿಯದೇ, ಗಾಜಿನ ಕೊಳವೆಯಲ್ಲಿ ಬಣ್ಣ ಕಾಣುತ್ತದೆ, ಗಾಳಿ ಬೇರೆ, ಕಾವು ಬೇರೆ ತಿರುಗಿಸಬಹುದು. ಬೆಹ್‌ಮೋರ್ ಉರುಳುವ ಡ್ರಮ್ಮಿನದು, ಅರ್ಧ ಕೆಜಿಗೆ ಹತ್ತಿರ ಹಿಡಿಯುತ್ತದೆ. ಕೊರಿಯಾದ ಜೀನ್ ಕೆಫೆ ಇದೆ. ಕೈಯಲ್ಲಿ ಕಾಸು ಜಾಸ್ತಿ ಇದ್ದವರಿಗೆ ಐಲಿಯೋ ಬುಲೆಟ್, ಒಂದು ಕೆಜಿವರೆಗೆ. ಶಾಖ ಅಳೆಯುವ ತಂತಿ ಲ್ಯಾಪ್‌ಟಾಪಿಗೆ ಸೇರಿಸಿ ಆರ್ಟಿಸನ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಗೆರೆ ನೋಡುತ್ತ ಹುರಿಯಬಹುದು.

ಲೋಟಡಬರ:
ಗೆರೆ ನೋಡುತ್ತ ಹುರಿಯೋದಾ? ಕಾಫಿನಾ, ಇಸಿಜಿನಾ?

ಹಾಸನದ_ಹುಡುಗಿ:
😄 ನಮ್ಮಮ್ಮ ಮೂಗಲ್ಲೇ ಹುರೀತಾರೆ. ಮೂಗಿಗೆ ಆಮದು ಸುಂಕವೂ ಇಲ್ಲ.

ಬೇಏರಿಯಾ_ಕನ್ನಡಿಗ:
ನಗಿ ನಗಿ. ಹೋದ ವಾರ ಕುಡಿದ ಒಳ್ಳೆ ಕಾಫಿ ಈ ವಾರವೂ ಹಾಗೇ ಬರಬೇಕು ಅಂದರೆ ಬರೆದಿಡಲೇಬೇಕು. ನಿಮ್ಮ ಅಮ್ಮನಿಗೆ 30 ವರ್ಷದ ಅಭ್ಯಾಸ. ಇವರಿಗೆ ಮೂರು ಸಲದ್ದು.

ರಾಜಾಜಿನಗರ_ರಾಯರು:
ಮಿಷನ್ ಮಾತು ಬಂತಲ್ಲ, ನನ್ನ ಕಥೆ ಕೇಳಿ. ಮಗ ಅಮೆರಿಕದಿಂದ ಬರುವಾಗ ಪಾಪ್‌ಕಾರ್ನ್ ಮಿಷನ್ ತಂದ. ಅಲ್ಲಿ 120 ವೋಲ್ಟ್, ಇಲ್ಲಿ 230. ಅವನು ಟ್ರಾನ್ಸ್‌ಫಾರ್ಮರ್ ಬೇಕು ಅಂತ ಹೇಳಿದ್ದನಂತೆ, ನನಗೆ ನೆನಪಿಲ್ಲ. ನೇರ ಗೋಡೆಗೆ ಚುಚ್ಚಿದೆ. ನಾಲ್ಕು ಸೆಕೆಂಡ್ ವಿಮಾನ ಏರುವ ಹಾಗೆ ಸದ್ದು ಮಾಡಿತು, ಬೀಜ ಸೂರಿಗೆ ಹಾರಿತು, ಕೊನೆಗೆ ಒಂದು ಢಬ್. ಇಡೀ ಮಹಡಿಯ ಕರೆಂಟ್ ಹೋಯಿತು. ಮೇಲಿನ ಮನೆಯವರು ಇವತ್ತಿಗೂ ಕೇಳ್ತಾರೆ, "ರಾಯರೇ, ಕಾಫಿ ಆಯ್ತಾ?"

ಅದೇ ಥರದ್ದು ಇನ್ನೊಂದು ಇದೆ, ಡಬ್ಬ ಬಿಚ್ಚಿಲ್ಲ.

ಒಂಟಿಕೊಪ್ಪಲು_ಅಜ್ಜಿಮಗ:
ನಮ್ಮ ಅಜ್ಜಿ ಮನೆಯಲ್ಲಿ ಕಬ್ಬಿಣದ ಉರುಳೆ ಡಬ್ಬ ಇತ್ತು. ಮಧ್ಯೆ ಸರಳು, ತುದಿಯಲ್ಲಿ ಹಿಡಿ, ಬೀಜ ಹಾಕಲು ಸಣ್ಣ ಬಾಗಿಲು. ಇದ್ದಿಲ ಕೆಂಡದ ಮೇಲಿಟ್ಟು ತಿರುಗಿಸಬೇಕು. ಭಾನುವಾರ ಮಧ್ಯಾಹ್ನ ಮಕ್ಕಳಿಗೆಲ್ಲ ಸರದಿ. "ನೂರು ಸುತ್ತು ನೀನು, ನೂರು ಸುತ್ತು ಅವನು." ಎಣಿಕೆಯಲ್ಲಿ ಮೋಸ ಮಾಡಿ ಏಟು ತಿಂದಿದ್ದೇನೆ. ಕೊನೆಯಲ್ಲಿ ಅಜ್ಜಿ ಒಂದು ಚಮಚ ತುಪ್ಪ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಆ ಘಮ ಬೀದಿ ಕೊನೆಗೆ ಹೋಗುತ್ತಿತ್ತು. ಪುಡಿಗೆ ಮೇಜಿನ ಅಂಚಿಗೆ ಸ್ಕ್ರೂ ಬಿಗಿದ ಕೈ ಮಿಷನ್.

ಆ ಡಬ್ಬವನ್ನು ಮನೆ ಪಾಲಾದಾಗ ಹಳೇ ಕಬ್ಬಿಣಕ್ಕೆ ಹಾಕಿದರು. ಈಗ ಅಂಥದ್ದು ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?

ಇಂಜಿನಿಯರ್_ಎಂಕ:
ತುಪ್ಪ ಯಾಕೆ? ಬೀಜದಲ್ಲೇ ಎಣ್ಣೆ ಇದೆ, ಕಪ್ಪಗೆ ಹುರಿದರೆ ತಾನೇ ಮೇಲೆ ಬರುತ್ತದೆ. ತುಪ್ಪ ಹಾಕಿದರೆ ಪುಡಿ ಬೇಗ ಕಮಟು ಹಿಡಿಯುತ್ತದೆ, ಗ್ರೈಂಡರ್‌ಗೂ ಅಂಟುತ್ತದೆ.

ಸಿಂಗಪುರದ_ಶೆಟ್ರು:
ಎಂಕಣ್ಣ, ಇಲ್ಲಿ ಸಿಂಗಪುರದ ಹಳೇ ಕೋಪಿ ಅಂಗಡಿಗಳ ಬೀಜಕ್ಕೆ ಸಕ್ಕರೆ, ಬೆಣ್ಣೆ ಅಥವಾ ಮಾರ್ಗರೀನ್ ಹಾಕಿಯೇ ಹುರಿಯುವುದು. ರೋಬಸ್ಟಾ ಬೀಜ ಮಿರ ಮಿರ ಕಪ್ಪು. ಜನ ಸಾಲು ನಿಂತು ಕುಡಿಯುತ್ತಾರೆ. ಸ್ಪೇನ್‌ನಲ್ಲೂ ಸಕ್ಕರೆ ಹಾಕಿ ಹುರಿಯುವ ಪದ್ಧತಿ ಇದೆ. ಅಜ್ಜಿ ಏನೂ ತಪ್ಪು ಮಾಡಿಲ್ಲ ಮಾರಾಯ್ರೆ.

ಇಂಜಿನಿಯರ್_ಎಂಕ:
ತಪ್ಪು ಅನ್ನಲಿಲ್ಲ. ಬೇಡ ಅಂದೆ.

ಒಂಟಿಕೊಪ್ಪಲು_ಅಜ್ಜಿಮಗ:
ಕಮಟು ಹಿಡಿಯುವಷ್ಟು ದಿನ ಪುಡಿ ಉಳಿದಿದ್ದರೆ ತಾನೇ. 14 ಜನ ಇದ್ದ ಮನೆ ಅದು.

ಚಿಕೋರಿ_ವಿರೋಧಿ:
ಹುರಿಯುವ ಕಷ್ಟ ಇರಲಿ, ಆಮೇಲೆ ಅದಕ್ಕೆ ಚಿಕೋರಿ ಸೇರಿಸಬೇಡಿ ದಯವಿಟ್ಟು. ನಮ್ಮ ದೇಶದ ಕಾನೂನಿನಲ್ಲಿ ನೂರರಲ್ಲಿ 51 ಪಾಲು ಕಾಫಿ ಇದ್ದರೆ ಸಾಕು, ಮಿಕ್ಕ 49 ಚಿಕೋರಿ ಇರಬಹುದು. ಅದೊಂದು ಬೇರು. ಕಾಫಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ.

ಲೋಟಡಬರ:
ಬಂದ್ರಪ್ಪ. ನಿಮ್ಮನ್ನೇ ಕಾಯ್ತಿದ್ದೆ. ನಾನು 80-20 ಕುಡಿಯೋನು. ಡಿಕಾಕ್ಷನ್‌ಗೆ ಮೈ ಬರೋದೇ ಚಿಕೋರಿಯಿಂದ. ಹೋಗಿ ದೂರು ಕೊಡಿ.

ಚಿಕೋರಿ_ವಿರೋಧಿ:
ಮೈ ಬೇಕಾದರೆ ಸ್ವಲ್ಪ ರೋಬಸ್ಟಾ ಸೇರಿಸಿ. ಒಳ್ಳೆ ರೋಬಸ್ಟಾ ಕಾಲು ಭಾಗ ಹಾಕಿದರೆ ಹಾಲಿನಲ್ಲೂ ರುಚಿ ನಿಲ್ಲುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಹುರಿಯಬೇಡಿ. ರೋಬಸ್ಟಾ ಗಟ್ಟಿ, ನಿಧಾನಕ್ಕೆ ಕಾವು ಹಿಡಿಯುತ್ತದೆ. ಬೇರೆ ಬೇರೆ ಹುರಿದು ಆಮೇಲೆ ಬೆರೆಸಿ.

ಗಿರಿನಗರದವ:
ಎಲ್ಲರಿಗೂ ಥ್ಯಾಂಕ್ಸ್. ಎಂಕ ಸರ್ ಹೇಳಿದ ಹಾಗೆ ನಿನ್ನೆ ರಾತ್ರಿ ನಾಲ್ಕನೇ ಸಲ ಮಾಡಿದೆ. 200 ಗ್ರಾಂ, ಮಧ್ಯಮ ಉರಿ, 15 ನಿಮಿಷ, ಕೈ ನಿಲ್ಲಿಸಿಲ್ಲ, ಮೊರದಲ್ಲಿ ಕೇರಿದೆ. ಮತ್ತೆ ಅದೇ. ಕಾಗದ ಸುಟ್ಟ ವಾಸನೆ. ಅಲ್ಲೊಂದು ಇಲ್ಲೊಂದು ಸಣ್ಣ ಶಬ್ದ ಕೇಳಿತು, ಅಷ್ಟೇ. ಹೊಟ್ಟು ಮಾತ್ರ ಸಿಕ್ಕಾಪಟ್ಟೆ. ಅಡುಗೆಮನೆ ತುಂಬಾ ಕಪ್ಪು ಹಕ್ಕಳೆ. ಪಕ್ಕದ ಮನೆ ಆಂಟಿ ಬಂದು "ಏನು ಸುಡ್ತಿದ್ದೀರಾ" ಅಂತ ಕೇಳಿದರು.

ಬೇಏರಿಯಾ_ಕನ್ನಡಿಗ:
ನೋಡಿ, ಹೇಳಿದೆನಲ್ಲ. ಬಾಣಲೆಯಲ್ಲಿ ಆಗಲ್ಲ. ಮಿಷನ್ ತಗೊಳ್ಳಿ.

ಹಾಸನದ_ಹುಡುಗಿ:
ಆಗಲ್ಲ ಅಂದರೆ ಏನರ್ಥ? ಇಥಿಯೋಪಿಯಾದಲ್ಲಿ ಇವತ್ತಿಗೂ ನೆಂಟರು ಬಂದರೆ ಕಣ್ಣೆದುರೇ ಬಾಣಲೆಯಲ್ಲಿ ಹುರಿದು, ಕುಟ್ಟಿ, ಕಾಫಿ ಮಾಡಿ ಕೊಡುತ್ತಾರೆ. ಅರೇಬಿಕಾ ಹುಟ್ಟಿದ ನಾಡೇ ಅದು. ಬಾಣಲೆಗೆ ಬೈಯಬೇಡಿ.

ಬಹುಶಃ ಬೀಜವೇ ಹಳೆಯದು. ತೇವ ಹೋದ ಬೀಜ ಸರಿಯಾಗಿ ಸಿಡಿಯಲ್ಲ.

ಇಂಜಿನಿಯರ್_ಎಂಕ:
ಅಥವಾ ಮಾನ್ಸೂನ್ಡ್ ಮಲಬಾರ್ ಇರಬಹುದಾ? ಮಂಗಳೂರು ಕಡೆ ಮಳೆಗಾಲದ ಗಾಳಿಗೆ ಬಿಟ್ಟು ಉಬ್ಬಿಸಿದ ಬೀಜ. ಬಣ್ಣ ಬಿಳಿಚಿರುತ್ತದೆ, ಬಣ್ಣ ನೋಡಿ ಹುರಿಯುವವರಿಗೆ ಮೋಸ ಆಗುತ್ತದೆ, ಬೇಗ ಸುಡುತ್ತದೆ. ಗಿರಿನಗರದವರೇ, ಹುರಿಯುವ ಮುಂಚೆ ತೂಕ, ಆಮೇಲಿನ ತೂಕ ಎಷ್ಟು? ಸಾಮಾನ್ಯವಾಗಿ ನೂರಕ್ಕೆ 15-18 ಕಡಿಮೆ ಆಗುತ್ತದೆ.

ಗಿರಿನಗರದವ:
200 ಹಾಕಿದ್ದು. ಕೇರಿದ ಮೇಲೆ 140 ಇತ್ತು.

ಇಂಜಿನಿಯರ್_ಎಂಕ:
ಒಳಗೆ ಹಸಿ ಇದ್ದೂ 30 ಪರ್ಸೆಂಟ್ ಹೋಯಿತಾ? ಲೆಕ್ಕ ಕೂರುತ್ತಿಲ್ಲ. ನಿಮ್ಮ ತಕ್ಕಡಿ ನೋಡಿ.

ಕಣದಮನೆ:
ಎರಡು ದಿನದಿಂದ ಓದುತ್ತಾ ಇದ್ದೇನೆ, ತೋಟದ ಕೆಲಸದಲ್ಲಿ ಬರೆಯಲು ಆಗಿರಲಿಲ್ಲ. ಗಿರಿನಗರದವರೇ, ಒಂದೇ ಪ್ರಶ್ನೆ. ಹುರಿಯುವ ಮುಂಚೆ ಬೀಜ ಯಾವ ಬಣ್ಣ ಇದೆ? ಉಗುರಿನಲ್ಲಿ ಕೆರೆದರೆ ಏನಾಗುತ್ತದೆ?

ಗಿರಿನಗರದವ:
ತೆಳು ಹಳದಿ, ಒಣ ಹುಲ್ಲಿನ ಬಣ್ಣ. ಕೆರೆದರೆ… ಈಗ ನೋಡಿದೆ. ಮೇಲೆ ಗರಿಗರಿ ಹಾಳೆ ಥರ ಒಂದು ಪದರ ಇದೆ, ಒಡೆಯುತ್ತದೆ. ಒಳಗೆ ಹಸಿರು ಬೂದು ಬಣ್ಣದ ಬೀಜ.

ಕಣದಮನೆ:
ಅಯ್ಯೋ ದೇವರೇ. ಸ್ವಾಮೀ, ನಿಮ್ಮ ಭಾವ ಕೊಟ್ಟಿದ್ದು ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಹುರಿದಿದ್ದೀರಿ! ಕಾಗದ ಸುಟ್ಟ ವಾಸನೆ ಅಂದಿರಲ್ಲ, ಆ ಸಿಪ್ಪೆ ಕಾಗದದ ಹಾಗೇ ಇರುವುದು.

ಲೋಟಡಬರ:
ಕಡಲೆಕಾಯಿ ಸಿಪ್ಪೆ ಸಮೇತ ಒಗ್ಗರಣೆಗೆ ಹಾಕಿದ ಹಾಗಾಯ್ತು. ಅಣ್ಣಾ, ಕೈ ಮುಗಿದೆ.

ಬೇಏರಿಯಾ_ಕನ್ನಡಿಗ:
…

ಇಂಜಿನಿಯರ್_ಎಂಕ:
ತಕ್ಕಡಿ ಸರಿ ಇದೆ. ಕ್ಷಮಿಸಿ.

ಕಣದಮನೆ:
ನಗುವ ವಿಷಯ ಅಲ್ಲ, ಪೇಟೆಯವರಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಣ್ಣು ಕೊಯ್ದು ಪಲ್ಪರ್‌ಗೆ ಹಾಕಿದರೆ ಕೆಂಪು ತೊಗಲು ಹೋಗುತ್ತದೆ. ಆಮೇಲೆ ಲೋಳೆ ತೊಳೆದು ಕಣದಲ್ಲಿ ಒಣಗಿಸುತ್ತೇವೆ. ಆಗ ಬೀಜದ ಮೇಲೆ ಈ ಹಳದಿ ಸಿಪ್ಪೆ ಉಳಿಯುತ್ತದೆ. ಅದು ಪಾರ್ಚ್‌ಮೆಂಟ್. ಹಣ್ಣನ್ನು ತೊಗಲಿನ ಸಮೇತ ಒಣಗಿಸಿದರೆ ಅದು ಚೆರಿ. ನಾವು ಮಾರುವುದು ಇವೆರಡರಲ್ಲೇ, 50 ಕೆಜಿ ಚೀಲದ ಲೆಕ್ಕ. ಸಿಪ್ಪೆ ಬಿಡಿಸುವುದು ಕ್ಯೂರಿಂಗ್‌ನವರ ಕೆಲಸ. ಅಲ್ಲಿ ಹಲ್ಲರ್‌ಗೆ ಹಾಕಿ, ಜರಡಿ ಹಿಡಿದು, ಎ, ಬಿ, ಪಿಬಿ (ಒಂಟಿ ಗುಂಡು ಬೀಜ) ಅಂತ ದರ್ಜೆ ಬೇರೆ ಮಾಡುತ್ತಾರೆ. 50 ಕೆಜಿ ಪಾರ್ಚ್‌ಮೆಂಟಿಗೆ 40 ಕೆಜಿ ಆಸುಪಾಸು ಬೀಜ ಸಿಕ್ಕಿತು ಅಂದರೆ ಸರಿ.

ನಿಮ್ಮ ಭಾವನ ಕಣ್ಣಿಗೆ ಇದೇ "ಕಾಫಿ ಬೀಜ". ಮನೆಯಲ್ಲಿ ಒರಳಿಗೆ ಹಾಕಿ ಕುಟ್ಟಿಕೊಳ್ಳುವವರಿಗೆ ಇದನ್ನು ಹೇಳಬೇಕು ಅಂತ ಹೊಳೆಯುವುದಿಲ್ಲ.

ಒಂಟಿಕೊಪ್ಪಲು_ಅಜ್ಜಿಮಗ:
ಹೌದು! ಅಜ್ಜಿ ಮನೆಯಲ್ಲಿ ಹುರಿಯುವ ಹಿಂದಿನ ದಿನ ಒನಕೆ ಸದ್ದು ಇರುತ್ತಿತ್ತು. ಅಕ್ಕಿ ಅಂದುಕೊಂಡಿದ್ದೆ ಇಷ್ಟು ವರ್ಷ.

ಚಿಕೋರಿ_ವಿರೋಧಿ:
ತೋಟದವರು ಮನೆಗೆ ಎಷ್ಟು ಇಟ್ಟುಕೊಳ್ಳುತ್ತೀರಿ ಸರ್?

ಕಣದಮನೆ:
ಈಗ ಎಷ್ಟು ಬೇಕೋ ಅಷ್ಟು. ಪೂಲ್ ಕಾಲದಲ್ಲಿ ಹಾಗಿರಲಿಲ್ಲ. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಮನೆ ಖರ್ಚಿಗೆ, ಬಿತ್ತನೆಗೆ ಅಂತ ಸ್ವಲ್ಪ ಬಿಡುತ್ತಿದ್ದರು. 90ರ ದಶಕದಲ್ಲಿ ಅದು ಸಡಿಲವಾಯಿತು. ನಮ್ಮ ಅಪ್ಪ ಕದ್ದು ಒಂದು ಡಬ್ಬ ಅಟ್ಟದ ಮೇಲೆ ಇಟ್ಟಿದ್ದರು. ತಮ್ಮದೇ ತೋಟದ ಕಾಫಿ, ಕದ್ದು!

ಆದರೂ ಒಂದು ಹೇಳಬೇಕು. ನಾವು ತೋಟದವರು ಒಳ್ಳೆಯದನ್ನೆಲ್ಲ ಮಾರಿ, ಒಡೆದದ್ದು, ಕರಿ ಬೀಜ ಮನೆಗೆ ಇಟ್ಟುಕೊಂಡು ಕುಡಿದವರು. ಈಗಿನ ಹುಡುಗರು ಬಂದು "ಅಂಕಲ್, ನಿಮ್ಮ ಎಸ್.795 ತಳಿಯಲ್ಲಿ ಹುಣಸೆಹಣ್ಣಿನ ರುಚಿ ಇದೆ" ಅಂದಾಗ ನಾನು ಮೊದಲ ಸಲ ನನ್ನ ಕಾಫಿಯನ್ನು ಗಮನ ಇಟ್ಟು ಕುಡಿದೆ. ಹುಣಸೆಹಣ್ಣು ಸಿಗಲಿಲ್ಲ. ಚೆನ್ನಾಗಿತ್ತು.

ಗಿರಿನಗರದವ:
ನನಗೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ಭಾವನಿಗೆ ಫೋನ್ ಮಾಡಿದೆ. "ಸಿಪ್ಪೆ ತೆಗೀಬೇಕು ಅಂತ ಅದೂ ಹೇಳಬೇಕೇನೋ? ಬಾಳೆಹಣ್ಣು ಕೊಟ್ಟಾಗ ಹೇಳಿದ್ನಾ?" ಅಂದರು. ಹಿಂದೆ ಅಕ್ಕ ನಗುವುದು ಕೇಳಿಸಿತು.

ಈಗ ಈ ಸಿಪ್ಪೆ ತೆಗೆಯುವುದು ಹೇಗೆ? ಮನೆಯಲ್ಲಿ ಒರಳಿಲ್ಲ, ಒನಕೆಯಂತೂ ಇಲ್ಲವೇ ಇಲ್ಲ.

ಹಾಸನದ_ಹುಡುಗಿ:
ಫುಡ್ ಪ್ರೊಸೆಸರ್ ಇದ್ದರೆ ಹಿಟ್ಟು ಕಲಸುವ ಪ್ಲಾಸ್ಟಿಕ್ ಬ್ಲೇಡ್ ಹಾಕಿ. ಚೂಪು ಬ್ಲೇಡ್ ಬೇಡ, ಬೀಜ ತುಂಡಾಗುತ್ತದೆ. ಒಂದು ಹಿಡಿ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಸಿಪ್ಪೆ ಒಡೆದ ಮೇಲೆ ಮೊರದಲ್ಲಿ ಕೇರಿ. ಉಳಿದದ್ದನ್ನು ಮತ್ತೆ ಹಾಕಿ. ಬಿಸಿಲಲ್ಲಿ ಒಂದು ಗಂಟೆ ಇಟ್ಟರೆ ಸಿಪ್ಪೆ ಗರಿಗರಿ ಆಗಿ ಬೇಗ ಬಿಡುತ್ತದೆ. ಬಾಲ್ಕನಿಯಲ್ಲಿ ಮಾಡಿ, ಇಲ್ಲಾಂದ್ರೆ ಮನೆಯವರು ಈ ಸಲ ಮಾತಾಡೇ ಮಾತಾಡ್ತಾರೆ.

ಕಣದಮನೆ:
ಸರಿಯಾಗಿ ಹೇಳಿದಿರಿ ತಂಗಿ. ಎಲ್ಲವನ್ನೂ ಒಮ್ಮೆಗೇ ಬಿಡಿಸಬೇಡಿ. ಸಿಪ್ಪೆ ಇರುವವರೆಗೆ ಬೀಜ ಚೆನ್ನಾಗಿ ಉಳಿಯುತ್ತದೆ. ವಾರಕ್ಕೆ ಬೇಕಾದಷ್ಟು ಮಾತ್ರ. ಆಮೇಲೆ ಕಪ್ಪು ಬೀಜ, ತೂತು ಬಿದ್ದದ್ದು, ಒಡೆದದ್ದು ಆರಿಸಿ ತೆಗೆಯಿರಿ. ಹತ್ತು ನಿಮಿಷದ ಕೆಲಸ. ಮಿಷನ್‌ಗಿಂತ ಜಾಸ್ತಿ ವ್ಯತ್ಯಾಸ ಇದರಲ್ಲಿದೆ.

ಗಿರಿನಗರದವ:
ಭಾನುವಾರದ ವರದಿ. ಸಿಪ್ಪೆ ತೆಗೆಯಲು ಒಂದೂವರೆ ಗಂಟೆ. 200 ಗ್ರಾಂ ಹಸಿ ಬೀಜ, ಅದೇ ಹಳೇ ಕಬ್ಬಿಣದ ಬಾಣಲೆ, ಎಂಕ ಸರ್ ಹೇಳಿದ ಉರಿ. ಆರನೇ ನಿಮಿಷಕ್ಕೆ ಹಳದಿ. ಹನ್ನೊಂದಕ್ಕೆ ಚಟ್. ನಾನು ನಿಜವಾಗಿ ಹಿಂದಕ್ಕೆ ಹಾರಿದೆ. ಆಮೇಲೆ ಬಾಣಲೆ ತುಂಬಾ ಚಟಪಟ. ಹದಿನಾಲ್ಕೂವರೆಗೆ ಸಾಸಿವೆ ಸದ್ದು ಶುರುವಾಯಿತು, ಇಳಿಸಿದೆ. ಹೊಟ್ಟು ಚಿಟಿಕೆಯಷ್ಟೇ. ತೂಕ 167 ಗ್ರಾಂ. ಬೇಏರಿಯಾ ಅವರು ಹೇಳಿದ ಹಾಗೆ ಬಣ್ಣ ನಾಲ್ಕು ಥರ ಇದೆ, ಒಪ್ಪುತ್ತೇನೆ.

ತಕ್ಷಣ ಪುಡಿ ಮಾಡಲಾ?

ಇಂಜಿನಿಯರ್_ಎಂಕ:
ಬೇಡ! ಹೊಸದಾಗಿ ಹುರಿದ ಬೀಜ ಅನಿಲ ಬಿಡುತ್ತಿರುತ್ತದೆ. ಕಡಿಮೆ ಅಂದರೂ ಒಂದು ದಿನ ಬಿಡಿ. ಡಬ್ಬದ ಮುಚ್ಚಳ ತೀರಾ ಬಿಗಿ ಮಾಡಬೇಡಿ.

ಒಂಟಿಕೊಪ್ಪಲು_ಅಜ್ಜಿಮಗ:
ತುಪ್ಪ ಹಾಕಿದಿರಾ?

ಇಂಜಿನಿಯರ್_ಎಂಕ:
ಮತ್ತೆ ಶುರು.

ಗಿರಿನಗರದವ:
ಇಂದು ಬೆಳಗ್ಗೆ ಕುಡಿದೆವು. ಮನೆಯವಳು ಈ ಸಲವೂ ಏನೂ ಅನ್ನಲಿಲ್ಲ. ಆದರೆ ಎರಡನೇ ಲೋಟ ಅವಳೇ ಬಗ್ಗಿಸಿಕೊಂಡಳು. 20 ಸಾವಿರದ ಮಿಷನ್ ಸದ್ಯಕ್ಕೆ ಬೇಡ, ಒಳ್ಳೆ ಮೊರ ಒಂದು ಬೇಕು. ಗಾಂಧಿ ಬಜಾರ್ ಕಡೆ ಸಿಗುತ್ತಾ?

ರಾಜಾಜಿನಗರ_ರಾಯರು:
ಮೊರ ಗೊತ್ತಿಲ್ಲ. ಪಾಪ್‌ಕಾರ್ನ್ ಮಿಷನ್ ಬೇಕಾದರೆ ಹೇಳಿ. 120 ವೋಲ್ಟ್, ಡಬ್ಬ ಬಿಚ್ಚಿಲ್ಲ.